ಕಟಕಟ ಅನ್ನುವ ಹಳೇ ಸ್ಪ್ಲೆಂಡರ್: ಓಡಿಸೋದಾ, ಬಿಚ್ಚಿಸೋದಾ, ಬಿಡೋದಾ?

ಪ್ರಶ್ನೆ: ನನ್ನದು 2007ರ ಸ್ಪ್ಲೆಂಡರ್ ಪ್ಲಸ್. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸ್ತಿದ್ದೀನಿ. ಭರಮಸಾಗರದಿಂದ ದಾವಣಗೆರೆಗೆ ಕೆಲಸಕ್ಕೆ ಹೋಗಿ ಬರೋದಕ್ಕೆ ದಿನಕ್ಕೆ ಸುಮಾರು 70 ಕಿ.ಮೀ., ತಿಂಗಳಿಗೆ 25 ದಿನ. ಮೀಟರ್‌ನಲ್ಲಿ 1,12,000 ಇದೆ, ನಡುವೆ ಎರಡು ವರ್ಷ ಮೀಟರ್ ಕೇಬಲ್ ತುಂಡಾಗಿತ್ತು. ನಾಲ್ಕೈದು ತಿಂಗಳಿಂದ ಎಂಜಿನ್ ಎಡಗಡೆ ಕಟಕಟ ಸದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರು, ಆನಗೋಡು ಬರೋ ಹೊತ್ತಿಗೆ ಕಡಿಮೆ. ಆಕ್ಸಿಲರೇಟರ್ ಬಿಟ್ಟಾಗ ಮತ್ತೆ ಕೇಳುತ್ತೆ. 3,000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸ್ತೀನಿ, ಹಳೇದು 400 ಮಿ.ಲೀ. ಅಷ್ಟೇ ಇಳಿಯುತ್ತೆ. ಮೈಲೇಜ್ 60ರಿಂದ 50ಕ್ಕೆ ಬಂದಿದೆ. ಆರ್‌ಸಿ 2027ರವರೆಗೆ ಇದೆ. ಒಬ್ಬ ಮೆಕ್ಯಾನಿಕ್ ‘ಎಂಜಿನ್ ಮುಗೀತು, ಫುಲ್ ಬಿಚ್ಚಬೇಕು, ₹11,500 ಆಗುತ್ತೆ’ ಅಂದ್ರು. ಇನ್ನೊಬ್ಬರು ‘ಹಳೇ ಗಾಡಿ ಅಂದ್ಮೇಲೆ ಸದ್ದು ಇದ್ದೇ ಇರುತ್ತೆ, ಓಡಿಸಿ’ ಅಂದ್ರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮ ಪ್ರಶ್ನೆಯಲ್ಲಿ ಕಟಕಟಕ್ಕಿಂತ ಜೋರಾಗಿ ಕೂಗುತ್ತಿರುವುದು ಆ 400 ಮಿ.ಲೀ. ಲೆಕ್ಕ. 900 ಮಿ.ಲೀ. ಬಾಟಲಿ ಸುರಿದು, 3,000 ಕಿ.ಮೀ. ಓಡಿಸಿದ ಮೇಲೆ 400 ಇಳಿಯಿತು ಅಂದರೆ ಅರ್ಧ ಲೀಟರ್ ಎಂಜಿನ್ ಒಳಗೇ ಸುಟ್ಟಿದೆ, ಇಲ್ಲವೇ ಎಲ್ಲೋ ಸೋರಿದೆ. ಸಾವಿರ ಕಿ.ಮೀ.ಗೆ ಸುಮಾರು 165 ಮಿ.ಲೀ. ನಡುವೆ ಆಯಿಲ್ ಸೇರಿಸಿದ ಮಾತು ನೀವು ಬರೆದಿಲ್ಲ. ಹಾಗಾದರೆ ಪ್ರತಿ ಸಲವೂ ಕೊನೆಯ ಸಾವಿರ ಕಿ.ಮೀ., ಅಂದರೆ ನಿಮ್ಮ ಓಡಾಟದ ಲೆಕ್ಕದಲ್ಲಿ ಎರಡು ವಾರಕ್ಕೂ ಹೆಚ್ಚು, ಗಾಡಿ ಅರೆಹೊಟ್ಟೆಯಲ್ಲಿ ಓಡುತ್ತಿದೆ. ಈ ಬೈಕ್‌ಗೆ ಆಯಿಲ್ ಪ್ರೆಷರ್ ದೀಪ ಇಲ್ಲ. ಆಯಿಲ್ ಕಡಿಮೆಯಾದರೆ ಅದು ಹೇಳಿಕೊಳ್ಳುವುದು ಸದ್ದಿನಲ್ಲೇ.

ಹಾಗಾಗಿ ಗ್ಯಾರೇಜಿಗೆ ಹೋಗುವ ಮುಂಚೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ ನೋಡಿ. ಸಮತಟ್ಟು ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ, ಮತ್ತೆರಡು ಮೂರು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಬಿಚ್ಚಿ ಒರೆಸಿ, ತಿರುಗಿಸಿ ಬಿಗಿ ಮಾಡದೆ ಸುಮ್ಮನೆ ತೂತಿನಲ್ಲಿ ಕೂರಿಸಿ ತೆಗೆಯಿರಿ. ತುಂಬ ಜನ ಮೋಸ ಹೋಗುವುದು ಇಲ್ಲೇ. ಪೂರ್ತಿ ತಿರುಗಿಸಿ ನೋಡಿದರೆ ಕಡ್ಡಿ ಇನ್ನೂ ಒಳಗಿಳಿದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮೇಲಿನ ಗೆರೆಗೆ ಬರುವಷ್ಟು ಮಾತ್ರ ಹಾಕಿ. ‘ಹೇಗೂ ಕುಡಿಯುತ್ತಲ್ಲ, ಇರಲಿ’ ಅಂತ ಮೇಲೆ ನೂರು ಮಿ.ಲೀ. ಸುರಿದರೆ ನೊರೆ ಎದ್ದು, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್‌ಗೆ ಬಂದು ಕೂರುತ್ತದೆ. ಆಯಿಲ್ 10ಡಬ್ಲ್ಯು-30, ಬಾಟಲಿ ಮೇಲೆ ‘ಜಾಸೋ ಎಂಎ’ (JASO MA, ಬೈಕ್ ಕ್ಲಚ್‌ಗೆ ಹೊಂದುವ ಆಯಿಲ್ ಅನ್ನುವ ಗುರುತು) ಅಂತ ಇರಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಪ್ಲೇಟ್ ಜಾರುವ ಸಾಧ್ಯತೆ ಇದೆ, ಯಾಕೆಂದರೆ ಇದರಲ್ಲಿ ಎಂಜಿನ್‌ಗೂ ಕ್ಲಚ್‌ಗೂ ಒಂದೇ ಆಯಿಲ್. ಸದ್ದು ಅಡಗಲಿ ಅಂತ ದಪ್ಪ 20ಡಬ್ಲ್ಯು-50 ಹಾಕುವ ಅಭ್ಯಾಸವೂ ಇದೆ. ಅದು ಕಿವಿಗೆ ಹತ್ತಿ ಇಟ್ಟುಕೊಂಡ ಹಾಗೆ. ಸವೆತ ಅಲ್ಲೇ ಇರುತ್ತದೆ, ಬೆಳಿಗ್ಗೆ ಮೇಲಿನ ಭಾಗಕ್ಕೆ ಆಯಿಲ್ ಏರುವುದು ಇನ್ನಷ್ಟು ತಡವಾಗುತ್ತದೆ.

ಮಟ್ಟ ಸರಿ ಮಾಡಿಕೊಂಡು ಎರಡು ದಿನ ಎಂದಿನಂತೆ ಓಡಾಡಿ, ಆಮೇಲೆ ಕಿವಿ ಕೊಡಿ. ಕಟಕಟ ಅರ್ಧಕ್ಕಿಳಿದರೆ ಆಯಿಲ್ ಇಲ್ಲದೆ ಬಳಲುತ್ತಿದ್ದ ಭಾಗವೇ ಸದ್ದು ಮಾಡುತ್ತಿತ್ತು ಅಂತ ತಿಳಿಯಿರಿ. ಒಂಚೂರೂ ಕಡಿಮೆಯಾಗದಿದ್ದರೆ ಸವೆತ ಆಗಲೇ ಆಗಿದೆ.

ಸದ್ದು ಎಷ್ಟು ಜೋರು ಅನ್ನುವುದಕ್ಕಿಂತ ಎಲ್ಲಿಂದ ಬರುತ್ತದೆ, ಬಿಸಿಯಾದ ಮೇಲೆ ಏನಾಗುತ್ತದೆ ಅನ್ನುವುದು ಮುಖ್ಯ. ಈ ಎಂಜಿನ್‌ನಲ್ಲಿ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಮುಂದಕ್ಕೆ ಹೆಚ್ಚುಕಡಿಮೆ ಮಲಗಿದೆ. ಮುಂಚಕ್ರದ ಕಡೆಗಿರುವುದು ಹೆಡ್, ಅಂದರೆ ಪೆಟ್ರೋಲ್-ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳಿರುವ ಭಾಗ. ಅದರ ಮೇಲೊಂದು, ಕೆಳಗೊಂದು ಟ್ಯಾಪೆಟ್ (ವಾಲ್ವ್ ಒತ್ತುವ ತೋಳಿನ ತುದಿಯ ಸ್ಕ್ರೂ) ಮುಚ್ಚಳ. ಎಡಗಡೆ ಹೆಡ್‌ನಿಂದ ಹಿಂದಿನ ಮ್ಯಾಗ್ನೆಟ್ ಕವರ್‌ವರೆಗೆ (ಕರೆಂಟ್ ಹುಟ್ಟಿಸುವ ಚಕ್ರದ ಮುಚ್ಚಳ) ಎಂಜಿನ್ ಒಳಗೆ ಟೈಮಿಂಗ್ ಚೈನ್ ಓಡುತ್ತದೆ, ಬಲಗಡೆ ಕ್ಲಚ್. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಎಂಜಿನ್ ಮೇಲೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ. ಮೊದಲು ಎರಡು ಟ್ಯಾಪೆಟ್ ಮುಚ್ಚಳ, ಆಮೇಲೆ ಹೆಡ್‌ನ ಎಡ ಪಕ್ಕದ ದುಂಡು ಕವರ್, ಮ್ಯಾಗ್ನೆಟ್ ಕವರ್, ಬೋರ್ ನಡುಭಾಗ, ಕೊನೆಗೆ ಬಲಗಡೆಯ ಕ್ಲಚ್ ಕವರ್. ಸದ್ದಿನ ಮೂಲದ ಹತ್ತಿರ ಬಂದಾಗ ಕಿವಿಗೆ ಸುತ್ತಿಗೆ ಬಡಿದಂತೆ ಕೇಳುತ್ತದೆ, ಅನುಮಾನಕ್ಕೆ ಜಾಗ ಇರುವುದಿಲ್ಲ. ಅಂಗಿ ತೋಳು, ವೇಲು ಸೈಲೆನ್ಸರ್‌ಗೆ ತಾಗದಂತೆ ನೋಡಿಕೊಳ್ಳಿ.

ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾಗುವ ಸದ್ದು ಸಾಮಾನ್ಯವಾಗಿ ಮೇಲ್ಭಾಗದ್ದು. ಪಿಸ್ಟನ್ ಬಿಸಿಗೆ ಹಿಗ್ಗಿ ಬೋರ್‌ಗೆ ಕೂಡಿಕೊಳ್ಳುತ್ತದೆ, ಟೈಮಿಂಗ್ ಚೈನನ್ನು ಬಿಗಿ ಇಡುವ ಟೆನ್ಷನರ್‌ಗೆ ಆಯಿಲ್ ತುಂಬಿಕೊಳ್ಳುತ್ತದೆ, ಬಡಿತ ತಗ್ಗುತ್ತದೆ. ಬಿಸಿಯಾದಂತೆ ಏರುವ ಸದ್ದು ಕೆಳಭಾಗದ್ದು, ಕ್ರ್ಯಾಂಕ್ (ಎಂಜಿನ್‌ನ ತಿರುಗುವ ಮುಖ್ಯ ದಂಡ) ಮತ್ತು ಅದಕ್ಕೆ ಪಿಸ್ಟನ್ ಜೋಡಿಸುವ ಕನೆಕ್ಟಿಂಗ್ ರಾಡ್ ಕಡೆಯದು. ಆಯಿಲ್ ಬಿಸಿಗೆ ತೆಳುವಾದಾಗ ಸವೆದ ಬೇರಿಂಗ್‌ನ ಸಡಿಲ ಬಯಲಾಗುತ್ತದೆ. ಮೊದಲನೆಯದಕ್ಕೆ ಸಮಯ ಇದೆ, ಎರಡನೆಯದಕ್ಕೆ ಇಲ್ಲ. ನಿಮ್ಮದು ಎಡಗಡೆ, ಬೆಳಿಗ್ಗೆ ಜೋರು, ಆಕ್ಸಿಲರೇಟರ್ ಬಿಟ್ಟಾಗ ಮತ್ತೆ ಕೇಳುತ್ತೆ ಅನ್ನುವ ಮೂರೂ ಸೇರಿ ಬೊಟ್ಟು ಮಾಡುವುದು ಟೈಮಿಂಗ್ ಚೈನ್ ಕಡೆಗೆ. ಆದರೂ ಅದಕ್ಕಿಂತ ಅಗ್ಗದ ಎರಡು ಕಾರಣಗಳನ್ನು ಮೊದಲು ಕಳೆದುಬಿಡೋಣ.

ಒಂದು, ಸೈಲೆನ್ಸರ್ ಬೆಂಡ್ ಹೆಡ್‌ಗೆ ಕೂರುವ ಜಾಗದ ಗ್ಯಾಸ್ಕೆಟ್. ಅದು ಬಿಟ್ಟಿದ್ದರೆ ಹೊಗೆ ಚಿಮ್ಮುವ ಟಿಕ್ ಟಿಕ್ ಥೇಟ್ ಟ್ಯಾಪೆಟ್ ಹಾಗೇ ಕೇಳುತ್ತದೆ. ಅಲ್ಲಿ ಕಪ್ಪು ಮಸಿ ಇದೆಯಾ ನೋಡಿ. ಐಡಲ್‌ನಲ್ಲಿ ಒದ್ದೆ ಬಟ್ಟೆಯನ್ನು ದಪ್ಪಗೆ ಮಡಿಸಿ ಸೈಲೆನ್ಸರ್ ಬಾಯಿಗೆ ಎರಡು ಸೆಕೆಂಡ್ ಒತ್ತಿದರೆ, ಸೋರಿಕೆ ಇರುವ ಕಡೆ ಪುಸ್ ಪುಸ್ ಜೋರಾಗುತ್ತದೆ. ಗ್ಯಾಸ್ಕೆಟ್ ಬದಲಿಸಿ ಎರಡೂ ನಟ್ ಸಮವಾಗಿ ಬಿಗಿದರೆ ಮುಗಿಯಿತು. ಹಾಗೇ ಎಂಜಿನ್ ಮೌಂಟಿಂಗ್ ಬೋಲ್ಟ್, ಚೈನ್ ಕವರ್, ಲೆಗ್ ಗಾರ್ಡ್ ಎಲ್ಲ ಕೈಯಲ್ಲಿ ಅಲ್ಲಾಡಿಸಿ ನೋಡಿ. ಸಡಿಲ ಚೈನ್ ಕವರ್‌ನಿಂದ ಎಂಜಿನ್ ಬಿಚ್ಚಿಸಿಕೊಂಡವರು ಕಮ್ಮಿ ಇಲ್ಲ.

ಇನ್ನೊಂದು ಟ್ಯಾಪೆಟ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೇ ಬೈಕ್‌ಗಳು ಹೆಚ್ಚು ಕೆಡುವುದು ಟ್ಯಾಪೆಟ್ ಹೊಂದಿಸುವ ಗಡಿಬಿಡಿಯಿಂದ. ನಿಮ್ಮ ಎಂಜಿನ್‌ಗೆ ಎರಡೂ ವಾಲ್ವ್‌ಗೆ 0.05 ಮಿ.ಮೀ. ಸಂದು ಇರಬೇಕು, ಅದೂ ತಣ್ಣಗಿರುವಾಗ, 35 ಡಿಗ್ರಿಗಿಂತ ಕೆಳಗೆ. ನೀವು 35 ಕಿ.ಮೀ. ಓಡಿಸಿಕೊಂಡು ಬಂದು ದಾವಣಗೆರೆಯ ಗ್ಯಾರೇಜ್‌ನಲ್ಲಿ ನಿಲ್ಲಿಸಿ, ಒಂದು ಬೆಣ್ಣೆದೋಸೆ ತಿಂದು ಬರುವಷ್ಟರಲ್ಲಿ ಟ್ಯಾಪೆಟ್ ಆಗಿದ್ದರೆ ಅದು ಬಿಸಿ ಎಂಜಿನ್ ಮೇಲೆ ಆದ ಕೆಲಸ. ಅದನ್ನು ಅಳತೆ ಅನ್ನಲಾಗದು. ಏಪ್ರಿಲ್ ಬಿಸಿಲಲ್ಲಿ ಹೊರಗೆ ನಿಂತ ಬೈಕ್ ಓಡದಿದ್ದರೂ 35 ಡಿಗ್ರಿ ದಾಟುತ್ತದೆ. ರಾತ್ರಿ ಗಾಡಿ ಬಿಟ್ಟು ಬನ್ನಿ, ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮಾಡಿಸಿ.

ಮಾಡುವ ಕ್ರಮ ಹೀಗೆ: ಪ್ಲಗ್ ಬಿಚ್ಚಿದರೆ ಎಂಜಿನ್ ಹಗುರಾಗಿ ತಿರುಗುತ್ತದೆ. ಎಡ ಕವರ್‌ನ ಎರಡು ಮುಚ್ಚಳ ತೆಗೆದು, ಮ್ಯಾಗ್ನೆಟ್ ನಟ್‌ಗೆ ಪಾನಾ ಹಾಕಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸುತ್ತ, ಮ್ಯಾಗ್ನೆಟ್ ಮೇಲಿನ ‘ಟಿ’ ಗುರುತನ್ನು ಕವರ್‌ನ ಕಚ್ಚಿಗೆ ಸರಿಯಾಗಿ ತರಬೇಕು. ಆಗ ವಾಲ್ವ್ ಒತ್ತುವ ಎರಡೂ ತೋಳು (ರಾಕರ್ ಆರ್ಮ್) ಬೆರಳಿಗೆ ತುಸು ಅಲ್ಲಾಡಬೇಕು. ಒಂದು ಬಿಗಿಯಾಗಿದ್ದರೆ ಪಿಸ್ಟನ್ ಬೇರೆ ಸುತ್ತಿನಲ್ಲಿದೆ, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ‘ಟಿ’ಗೆ ತನ್ನಿ. ಲಾಕ್ ನಟ್ ಸಡಿಲಿಸಿ, 0.05ರ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ, ಗೇಜ್ ಎಳೆದಾಗ ಕಾಗದದ ನಡುವೆ ಕಾಗದ ಎಳೆದಷ್ಟು ಹಿಡಿತ ಬರುವಂತೆ ಸ್ಕ್ರೂ ಹೊಂದಿಸಿ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಜೊತೆಗೆ ತಿರುಗಿಬಿಡುತ್ತದೆ, ಅದಕ್ಕೇ ಬಿಗಿದ ಮೇಲೆ ಮತ್ತೊಮ್ಮೆ ಗೇಜ್ ಹಾಕಿ ನೋಡಬೇಕು. ಗೇಜ್ ಇಲ್ಲದೆ ಬೆರಳಂದಾಜಿನಲ್ಲಿ ‘ಸದ್ದು ಹೋಗೋವರೆಗೆ’ ಬಿಗಿಯುವವರ ಕೈಗೆ ಕೊಡಬೇಡಿ. ಟ್ಯಾಪೆಟ್ ತುಸು ಟಿಕ್ ಟಿಕ್ ಅನ್ನುವುದು ಆರೋಗ್ಯ. ಪೂರಾ ಮೌನವಾದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಎಕ್ಸಾಸ್ಟ್ ವಾಲ್ವ್ ಸೀಟಿಗೆ ತಾಗಿ ತಣ್ಣಗಾಗಲು ಸಮಯ ಸಿಗದೆ ಅಂಚು ಸುಟ್ಟುಹೋಗುತ್ತದೆ, ಕಂಪ್ರೆಷನ್ (ಬೋರ್ ಒಳಗಿನ ಒತ್ತಡ) ಇಳಿಯುತ್ತದೆ. ಸದ್ದಿಲ್ಲ ಅಂತ ಖುಷಿಪಟ್ಟ ಗಾಡಿ ಎರಡು ತಿಂಗಳಿಗೆ ಕಿಕ್ ಹೊಡೆದರೂ ಏಳುವುದಿಲ್ಲ.

ಇವೆರಡೂ ಸರಿ ಇದ್ದು ಸದ್ದು ಇನ್ನೂ ಹೆಡ್‌ನ ಎಡ ಕವರ್ ಹತ್ತಿರವೇ ಬರುತ್ತಿದ್ದರೆ ಅದು ಟೈಮಿಂಗ್ ಚೈನ್, ಅನುಮಾನ ಬೇಡ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ತಿರುಗಿಸುವುದು ಈ ಚೈನ್. ಹೋಂಡಾದ ಈ ಮಲಗಿದ ಎಂಜಿನ್ ಮಾದರಿಯಲ್ಲಿ ಆಯಿಲ್ ಪಂಪನ್ನು ತಿರುಗಿಸುವುದೂ ಇದೇ. ಚೈನನ್ನು ಬಿಗಿ ಇಡಲು ರಬ್ಬರ್ ಸುತ್ತಿದ ರೋಲರ್‌ಗಳಿವೆ, ಅವುಗಳಲ್ಲೊಂದನ್ನು ಒಂದು ತೋಳು ಒತ್ತಿ ಹಿಡಿದಿರುತ್ತದೆ, ಆ ತೋಳನ್ನು ಕೆಳಗಿನಿಂದ ತಳ್ಳುವುದು ಸ್ಪ್ರಿಂಗ್ ಹಾಕಿದ ಟೆನ್ಷನರ್ ರಾಡ್. ರಾಡ್ ಸುತ್ತ ಆಯಿಲ್ ತುಂಬಿಕೊಂಡು ಬಡಿತ ತಡೆಯುತ್ತದೆ. ಈಗ ನಿಮ್ಮ ಕಥೆ ನೋಡಿ: ಆಯಿಲ್ ಕಡಿಮೆ, ಟೆನ್ಷನರ್ ಬಾವಿ ಬೆಳಿಗ್ಗೆ ಬರಿದು, ರಾಡ್ ತುದಿಯ ರಬ್ಬರ್ ಗಟ್ಟಿಯಾಗಿ ಸವೆದಿದೆ. ಆಕ್ಸಿಲರೇಟರ್ ಬಿಟ್ಟಾಗ ಚೈನ್‌ನ ಎಳೆತ ಬದಲಾಗಿ ಸಡಿಲ ಭಾಗ ಗೋಡೆಗೆ ಬಡಿಯುತ್ತದೆ. ಕಟಕಟ ಅಂದರೆ ಅದೇ.

ಇದಕ್ಕೆ ಎಂಜಿನ್ ಎರಡು ಭಾಗ ಮಾಡಬೇಕಿಲ್ಲ, ಚೌಕಟ್ಟಿನಿಂದ ಕೆಳಗೂ ಇಳಿಸಬೇಕಿಲ್ಲ. ಎಡ ಕವರ್, ಮ್ಯಾಗ್ನೆಟ್, ಅದರ ಹಿಂದಿನ ಕಾಯಿಲ್ ಪ್ಲೇಟ್ ತೆಗೆದರೆ ಚೈನ್ ಕೈಗೆ ಸಿಗುತ್ತದೆ. ಮ್ಯಾಗ್ನೆಟನ್ನು ಪುಲ್ಲರ್ ಹಾಕಿಯೇ ತೆಗೆಯಬೇಕು, ಸುತ್ತಿಗೆಯಲ್ಲಿ ಬಡಿದರೆ ಕ್ರ್ಯಾಂಕ್ ತುದಿ ಹಾಳು. ಬದಲಿಸುವುದು ಸೆಟ್ ಆಗಿ: ಚೈನ್, ರೋಲರ್‌ಗಳು, ಟೆನ್ಷನರ್ ರಾಡ್, ಸ್ಪ್ರಿಂಗ್. ಚೈನ್ ಒಂದನ್ನೇ ಹಾಕಿ ಗಟ್ಟಿಯಾದ ರೋಲರ್ ಬಿಟ್ಟರೆ ಹೊಸ ಚೈನ್ ಮೂರು ತಿಂಗಳಿಗೆ ಹಳೇದಾಗುತ್ತದೆ. ಜೋಡಿಸುವಾಗ ಮ್ಯಾಗ್ನೆಟ್ ‘ಟಿ’ಯಲ್ಲಿರುವಾಗ ಕ್ಯಾಮ್ ಸ್ಪ್ರಾಕೆಟ್‌ನ ಗುರುತು ಹೆಡ್‌ನ ಕಚ್ಚಿಗೆ ನೇರ ಇರಬೇಕು. ಒಂದು ಹಲ್ಲು ತಪ್ಪಿದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಎಳೆತ ಇರುವುದಿಲ್ಲ, ಬಿಸಿ ಹೆಚ್ಚು. ಮುಗಿಸುವ ಮೊದಲು ಟೆನ್ಷನರ್ ಒಳಗೆ ತುಸು ಆಯಿಲ್ ಬಿಡಬೇಕು, ಇಲ್ಲದಿದ್ದರೆ ಮೊದಲ ಸ್ಟಾರ್ಟ್‌ನಲ್ಲೇ ಒಣ ರಾಡ್ ಬಡಿಯುತ್ತದೆ. ಕೆಲವು ಕಡೆ ಸ್ಪ್ರಿಂಗ್ ಹಿಂದೆ ಒಂದು ವಾಶರ್ ಹಾಕಿಯೋ, ಸ್ಪ್ರಿಂಗ್ ಎಳೆದು ಉದ್ದ ಮಾಡಿಯೋ ಸದ್ದು ಅಡಗಿಸಿ ಕಳಿಸುತ್ತಾರೆ. ಹದಿನೈದು ದಿನ ಮೌನ, ಆಮೇಲೆ ರೋಲರ್‌ನ ರಬ್ಬರ್ ಚೂರು ಚೂರಾಗಿ ಆಯಿಲ್ ಜಾಲರಿಗೆ ಸೇರುತ್ತದೆ.

ಹಾಗಂತ ಚೈನ್ ಸದ್ದನ್ನು ವರ್ಷಗಟ್ಟಲೆ ಬಿಡುವಂತಿಲ್ಲ. ಚೈನ್ ಹಲ್ಲು ಹಾರಿದರೆ ಟೈಮಿಂಗ್ ತಪ್ಪಿ ವಾಲ್ವ್ ಬಾಗಬಹುದು. ಪೂರ್ತಿ ಕಡಿದರೆ ಆಯಿಲ್ ಪಂಪೂ ನಿಲ್ಲುತ್ತದೆ. ಆಯಿಲ್ ಮಟ್ಟ ಸರಿ ಇಟ್ಟುಕೊಂಡು ಈ ತಿಂಗಳ ಸಂಬಳದವರೆಗೆ ಓಡಿಸಿ, ಅಡ್ಡಿಯಿಲ್ಲ. ಮುಂದಿನ ದೀಪಾವಳಿವರೆಗೆ ಬೇಡ.

ಇನ್ನು ಓಡಿಸಲೇಬಾರದ ಸದ್ದುಗಳು. ಬಿಸಿಯಾದ ಮೇಲೆ, ಫ್ಲೈಓವರ್ ಏರುವಾಗ ಅಥವಾ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಕ್ಸಿಲರೇಟರ್ ತಿರುಗಿಸಿದಾಗ, ಎಂಜಿನ್ ಹೊಟ್ಟೆಯಿಂದ ಡಗ್ ಡಗ್ ಅಂತ ಭಾರದ ಬಡಿತ ಬಂದರೆ ಅದು ಕನೆಕ್ಟಿಂಗ್ ರಾಡ್‌ನ ಕೆಳಗಿನ ಬೇರಿಂಗ್. ಕಾಲು ಇಡುವ ಫುಟ್‌ರೆಸ್ಟ್‌ನಲ್ಲೂ ಅದು ಗೊತ್ತಾಗುತ್ತದೆ. ವೇಗ ಏರಿದಂತೆ ಗೊಂಯ್ ಅಂತ ಬೀಸುವ ಕಲ್ಲಿನ ಹಾಗೆ ಬಂದರೆ ಕ್ರ್ಯಾಂಕ್ ಬೇರಿಂಗ್. ಕ್ಲಚ್ ಒತ್ತಿದರೆ ಸದ್ದು ಬದಲಾಯಿತೇ? ಹಾಗಾದರೆ ಅದು ಬಲಗಡೆಯ ಕ್ಲಚ್ ಹೌಸಿಂಗ್‌ದು, ಅಷ್ಟು ಗಾಬರಿ ಬೇಡ. ಖಚಿತವಾಗಿ ತಿಳಿಯಲು ಆಯಿಲ್ ಇಳಿಸಿ ಬಿಳಿ ತಟ್ಟೆಯಲ್ಲಿ ಬಿಸಿಲಿಗೆ ಹಿಡಿಯಿರಿ. ತುಂಬ ನುಣ್ಣಗಿನ ಮಿನುಗು ಹಳೇ ಎಂಜಿನ್‌ನಲ್ಲಿ ಇರುವುದೇ. ಉಗುರಿಗೆ ಸಿಗುವ ಚೂರು, ಮುಳ್ಳಿನಂಥ ಎಳೆ ಬಂದರೆ, ಅದು ಅಯಸ್ಕಾಂತಕ್ಕೆ ಅಂಟಿದರೆ, ಗಾಡಿಯನ್ನು ಅಲ್ಲೇ ನಿಲ್ಲಿಸಿ ಟಾಟಾ ಏಸ್‌ನಲ್ಲಿ ಹಾಕಿಸಿಕೊಂಡು ಹೋಗಿ.

ಇದು ಬರೀ ಖರ್ಚಿನ ಮಾತಲ್ಲ. ನೀವು ಓಡಾಡುವುದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಹಿಂದೆ ಮುಂಬೈ–ಬೆಂಗಳೂರು ಲಾರಿಗಳು. ರಾಡ್ ಕಚ್ಚಿಕೊಂಡರೆ ಅಥವಾ ಪಿಸ್ಟನ್ ಹಿಡಿದರೆ ಹಿಂಚಕ್ರ ಲಾಕ್ ಆಗುತ್ತದೆ. ಎಂಜಿನ್ ಒಮ್ಮೆಗೇ ಭಾರ ಎಳೆಯತೊಡಗಿತು ಅನ್ನಿಸಿದ ಕ್ಷಣ ಕ್ಲಚ್ ಪೂರ್ತಿ ಒತ್ತಿ ಎಡಕ್ಕೆ ಬನ್ನಿ. ಹಳೇ ಎಂಜಿನ್ ಓಡಿಸುವವರ ಎರಡು ಬೆರಳು ಕ್ಲಚ್ ಲಿವರ್ ಮೇಲೇ ಇರಲಿ.

ಸದ್ದು ಒಂದು ಕಡೆ ಇರಲಿ, ಆ ಅರ್ಧ ಲೀಟರ್ ಆಯಿಲ್ ಎಲ್ಲಿ ಹೋಯಿತು? ರಾತ್ರಿ ನಿಲ್ಲಿಸುವ ಜಾಗದಲ್ಲಿ ಒಂದು ರಟ್ಟು ಹಾಸಿ ನೋಡಿ, ಬೆಳಿಗ್ಗೆ ಕಲೆ ಇಲ್ಲದಿದ್ದರೆ ಹೆಚ್ಚಾಗಿ ಸೋರಿಕೆ ಅಲ್ಲ, ಸುಡುತ್ತಿದೆ. ಬೆಳಿಗ್ಗೆ ಮೊದಲ ಕಿಕ್‌ಗೆ ನೀಲಿ ಹೊಗೆ ಬಂದು ಆಮೇಲೆ ನಿಂತರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ತಿರುಗಿಸಿದಾಗ ಒಂದು ಬುಗ್ಗೆ ಬಂದರೆ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ರಬ್ಬರ್) ಹೋಗಿದೆ. ಎಳೆಯುವಾಗಲೆಲ್ಲ ಹೊಗೆ ಹಿಂಬಾಲಿಸಿದರೆ ಪಿಸ್ಟನ್ ಸುತ್ತಲಿನ ರಿಂಗ್ ಮತ್ತು ಬೋರ್ ಸವೆದಿವೆ. ಹಿಂದೆ ಬರುವ ಗೆಳೆಯನಿಗೆ ನೋಡಲು ಹೇಳಿ, ಕನ್ನಡಿಯಲ್ಲಿ ನಿಮಗೆ ಕಾಣುವುದಿಲ್ಲ. ಎಮಿಷನ್ ಟೆಸ್ಟ್ ಚೀಟಿಯನ್ನೂ ಎಸೆಯಬೇಡಿ. ನಿಮ್ಮ ಕಾಲದ ನಾಲ್ಕು ಸ್ಟ್ರೋಕ್ ಬೈಕ್‌ಗೆ ಕಾರ್ಬನ್ ಮಾನಾಕ್ಸೈಡ್ 3.5%, ಹೈಡ್ರೋಕಾರ್ಬನ್ 4,500 ಪಿಪಿಎಂ ಮಿತಿ. ಕಾರ್ಬ್ಯುರೇಟರ್ ಸರಿ ಇದ್ದು ಎರಡನೇ ಅಂಕಿ ಸಲದಿಂದ ಸಲಕ್ಕೆ ಏರುತ್ತಿದ್ದರೆ ಒಳಗೆ ಆಯಿಲ್ ಸುಡುತ್ತಿರುವುದಕ್ಕೆ, ಕಂಪ್ರೆಷನ್ ಇಳಿಯುತ್ತಿರುವುದಕ್ಕೆ ಅದೊಂದು ಸೂಚನೆ. ಆರು ತಿಂಗಳಿಗೊಮ್ಮೆ ಹೇಗೂ ಮಾಡಿಸಲೇಬೇಕಾದ ಪರೀಕ್ಷೆ.

ಕಂಪ್ರೆಷನ್ ನೋಡುವಾಗ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುವುದು ವಾಡಿಕೆ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ನೆಟ್ಟಗಿರುವ ಬೋರ್‌ಗೆ ಇದು ಸರಿ. ನಿಮ್ಮ ಬೋರ್ ಮಲಗಿದೆ, ಆಯಿಲ್ ಕೆಳ ಅಂಚಿಗೆ ಹರಿದು ಮೇಲಿನ ಅರ್ಧ ಒಣಗೇ ಇರುತ್ತದೆ. ಆಯಿಲ್ ಬಿಟ್ಟ ಮೇಲೆ ನಾಲ್ಕೈದು ಸಲ ನಿಧಾನ ಕಿಕ್ ತಿರುಗಿಸಿ ಹರಡಿದ ನಂತರ ಅಳೆಯಬೇಕು, ಆಗಲೂ ಫಲಿತಾಂಶವನ್ನು ಹೊಗೆಯ ಸಾಕ್ಷಿ ಜೊತೆಗಿಟ್ಟೇ ನಂಬಿ.

ನನ್ನ ಲೆಕ್ಕ ಇಷ್ಟು: ಸಾವಿರ ಕಿ.ಮೀ.ಗೆ 100 ಮಿ.ಲೀ. ಒಳಗೆ ಕುಡಿಯುವ ಹಳೇ ಎಂಜಿನ್ ಜೊತೆ ಬಾಳಬಹುದು, ವಾರಕ್ಕೊಮ್ಮೆ ಕಡ್ಡಿ ನೋಡಿದರೆ ಸಾಕು. 250 ದಾಟಿದರೆ ಬೋರ್ ಕೆಲಸ ಮುಂದೂಡಬಾರದು. ನೀವು 165ರಲ್ಲಿ, ಗಡಿಯಲ್ಲಿದ್ದೀರಿ. ಮೈಲೇಜ್ 60ರಿಂದ 50ಕ್ಕೆ ಅಂದರೆ ತಿಂಗಳ 1,750 ಕಿ.ಮೀ.ಗೆ 29 ಲೀಟರ್ ಬದಲು 35 ಲೀಟರ್. ಆರು ಲೀಟರ್ ಅಂದರೆ ₹600ಕ್ಕೂ ಮೇಲೆ, ವರ್ಷಕ್ಕೆ ₹7,000 ದಾಟುತ್ತದೆ. ಇದೆಲ್ಲವನ್ನೂ ಬೋರ್ ತಲೆಗೆ ಕಟ್ಟಬೇಡಿ. ಕಟ್ಟಿದ ಏರ್ ಫಿಲ್ಟರ್, ಹಿಡಿಯುವ ಬ್ರೇಕ್, ಒಣ ಚೈನ್, ಗಾಳಿ ಕಡಿಮೆ ಇರುವ ಟೈರ್ ಇವೂ ಪಾಲು ಕೇಳುತ್ತವೆ. ಮೊದಲು ಅವನ್ನು ಸರಿ ಮಾಡಿ ಒಂದು ಟ್ಯಾಂಕ್ ಓಡಿಸಿ ನೋಡಿ.

ಬೋರ್ ಬಿಚ್ಚುವುದಾದರೆ ಅಳತೆ ಇಲ್ಲದೆ ಯಾವ ಭಾಗವನ್ನೂ ಕೊಳ್ಳಬೇಡಿ. ನಿಮ್ಮ ಬೋರ್ ಮೂಲತಃ 50 ಮಿ.ಮೀ. ವ್ಯಾಸದ್ದು. ಲೇತ್‌ನವರು ಬೋರ್ ಗೇಜ್‌ನಲ್ಲಿ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಯಲಿ. ಅಂಡಾಕಾರ ಆಗಿದ್ದರೆ ಸಂಖ್ಯೆಯೇ ಹೇಳುತ್ತದೆ. ಹಳೇ ರಿಂಗನ್ನು ಬೋರ್ ಒಳಗೆ ಪಿಸ್ಟನ್‌ನಿಂದ ನೇರ ತಳ್ಳಿ ತುದಿಗಳ ಸಂದು ನೋಡಿ, 0.5 ಮಿ.ಮೀ. ದಾಟಿದ್ದರೆ ಅದರ ಕಾಲ ಮುಗಿದಿದೆ. ‘ರಿಂಗ್ ಮಾತ್ರ ಹಾಕೋಣ, ಅಗ್ಗ’ ಅನ್ನುವ ಸಲಹೆ ಬರುತ್ತದೆ. ಅಂಡಾಕಾರದ ಬೋರ್‌ಗೆ ದುಂಡು ರಿಂಗ್ ಹಾಕಿದರೆ ಎರಡು ಸಾವಿರ ಕಿ.ಮೀ.ಗೆ ಮತ್ತೆ ಅದೇ ಹೊಗೆ. ಮೊದಲ ಸಲವಾದರೆ ಬೋರನ್ನು 0.25 ಮಿ.ಮೀ. ದೊಡ್ಡದಾಗಿ ಕೊರೆಸಿದರೆ (ಓವರ್‌ಸೈಜ್) ಸಾಕಾಗಬಹುದು. ಪಿಸ್ಟನ್ ಮೊದಲು ತಂದು, ಅದರ ಅಳತೆಗೆ ಬೋರ್ ಮಾಡಿಸಬೇಕು, ಬೋರ್ ಮಾಡಿ ಪಿಸ್ಟನ್ ಹುಡುಕಬಾರದು. ಹೆಡ್ ಕೆಳಗಿಳಿದ ಮೇಲೆ ವಾಲ್ವ್ ಸೀಲ್ ಬದಲಿಸಿ, ವಾಲ್ವ್ ಗ್ರೈಂಡಿಂಗ್ ಮಾಡಿಸಿ, ಟೈಮಿಂಗ್ ಚೈನ್ ಸೆಟ್ ಅದೇ ಕೂಲಿಯಲ್ಲಿ ಮುಗಿಸಿಕೊಳ್ಳಿ. ಬಲ ಕವರ್ ತೆಗೆಸಿ ಆಯಿಲ್ ಜಾಲರಿ ಮತ್ತು ಸುತ್ತುವ ಫಿಲ್ಟರ್ ಬಟ್ಟಲನ್ನೂ ತೊಳೆಸಿ. ಈ ಬೈಕ್‌ಗೆ ಬಿಸಾಡುವ ಆಯಿಲ್ ಫಿಲ್ಟರ್ ಇಲ್ಲ. ಕೊಳೆಯೆಲ್ಲ ಆ ಬಟ್ಟಲಿನ ಗೋಡೆಗೆ ಅಂಟಿ ಮೇಣದಂತೆ ಕೂತಿರುತ್ತದೆ, ಕೆಲವು ಗಾಡಿಗಳಲ್ಲಿ ಅದನ್ನು ಹುಟ್ಟಿದಾಗಿನಿಂದ ಯಾರೂ ತೆರೆದಿರುವುದಿಲ್ಲ.

ಬೋರ್ ತೆಗೆದಿರುವಾಗಲೇ ರಾಡ್ ಪರೀಕ್ಷೆ ಪುಕ್ಕಟೆ. ಪಿಸ್ಟನ್ ಬಿಚ್ಚಿ, ರಾಡನ್ನು ಅದರ ಉದ್ದಕ್ಕೆ ಎಳೆದು ತಳ್ಳಿ. ಪಕ್ಕಕ್ಕೆ ಜಾರುವುದು ಸಹಜ, ಅದನ್ನು ತೋರಿಸಿ ಹೆದರಿಸುತ್ತಾರೆ. ಉದ್ದಕ್ಕೆ ಟಕ್ ಅಂತ ಕೈಗೆ ತಾಗಿದರೆ ಮಾತ್ರ ನೀಡಲ್ ಬೇರಿಂಗ್ ಹೋಗಿದೆ. ಆಗ ಎಂಜಿನ್ ಇಳಿಸಿ, ಕೇಸ್ ಎರಡು ಭಾಗ ಮಾಡಿ, ಕ್ರ್ಯಾಂಕ್ ಪ್ರೆಸ್ ಮಾಡಿಸಬೇಕು. ರಾಡ್ ಕಿಟ್ ಹಾಕಿದ ಮೇಲೆ ಕ್ರ್ಯಾಂಕನ್ನು ಡಯಲ್ ಗೇಜ್ (ಓರೆ ಅಳೆಯುವ ಮೀಟರ್) ಇಟ್ಟು ನೇರ ಮಾಡುವ ಲೇತ್ ಆಗಿರಬೇಕು. ಡಯಲ್ ಗೇಜ್ ಇಲ್ಲದೆ ಕಣ್ಣಂದಾಜಿನಲ್ಲಿ ಬಡಿದು ಕೊಡುವ ಕಡೆ ಮಾಡಿಸುವ ಬದಲು ಪೂರ್ತಿ ಕ್ರ್ಯಾಂಕ್ ಅಸೆಂಬ್ಲಿ ಕೊಳ್ಳುವುದೇ ಲೇಸು.

ಈಗ ₹11,500ರ ಮಾತು. ‘ಫುಲ್ ಎಂಜಿನ್’ ಅನ್ನುವ ಎರಡು ಪದಕ್ಕೆ ದುಡ್ಡು ಕೊಡಬೇಡಿ. ಯಾವ ಭಾಗ, ಯಾವ ಕಂಪನಿ, ಲೇತ್ ಎಷ್ಟು, ಕೂಲಿ ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಪಿ.ಬಿ. ರಸ್ತೆಯ ಯಾವುದಾದರೂ ಸ್ಪೇರ್ಸ್ ಅಂಗಡಿಯಲ್ಲಿ ಅದೇ ಚೀಟಿ ತೋರಿಸಿ ಭಾಗಗಳ ಬೆಲೆ ಕೇಳಿದರೆ ಕೂಲಿ ಎಷ್ಟು ಅಂತ ತಾನಾಗೇ ಹೊರಬೀಳುತ್ತದೆ. ನೀವು ಹೇಳಿದ ಲಕ್ಷಣಗಳಿಗೆ ಕ್ರ್ಯಾಂಕ್ ಕೆಲಸ ಸೇರಿಸಲು ಈಗ ಯಾವ ಕಾರಣವೂ ಕಾಣುವುದಿಲ್ಲ. ಅದು ಪಟ್ಟಿಯಲ್ಲಿದ್ದರೆ ಸಡಿಲವನ್ನು ಕೈಗೆ ಕೊಟ್ಟು ತೋರಿಸಿ ಅನ್ನಿ.

ಆದರೆ ಗಾಡಿಯ ನಿಜವಾದ ವಯಸ್ಸನ್ನೂ ಒಪ್ಪಿಕೊಳ್ಳಿ. ಕೇಬಲ್ ತುಂಡಾಗಿದ್ದ ಎರಡು ವರ್ಷವೂ ಹೀಗೇ ಓಡಾಡಿದ್ದರೆ ತಿಂಗಳಿಗೆ 1,750ರಂತೆ 42,000 ಕಿ.ಮೀ. ಮೀಟರ್ ಎಣಿಸಿಲ್ಲ. ಇದು ಒಂದೂವರೆ ಲಕ್ಷ ಓಡಿದ ಬೈಕ್. ಎಂಜಿನ್ ಮೇಲ್ಭಾಗ ಮಾತ್ರ ಸವೆದಿದ್ದರೆ ಮಾಡಿಸಿ ಓಡಿಸಿ, ಲಾಭ ಇದೆ. ಮೇಲ್ಭಾಗದ ಜೊತೆ ಕ್ರ್ಯಾಂಕೂ ಹೋಗಿದ್ದು, ಚೌಕಟ್ಟೂ ಖರ್ಚು ಕೇಳುತ್ತಿದ್ದರೆ ಬಿಡುವುದು ಒಳ್ಳೆಯದು. ಚೌಕಟ್ಟು ಅಂದರೆ: ಡಬಲ್ ಸ್ಟ್ಯಾಂಡ್ ಕೂರುವ ಜಾಗದಲ್ಲಿ, ಬ್ಯಾಟರಿ ಕೆಳಗೆ ತುಕ್ಕು ತಿಂದು ತೆಳುವಾಗಿದೆಯಾ, ಹಿಂಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರೆ ಸ್ವಿಂಗ್ ಆರ್ಮ್ ಬುಷ್ ಆಡುತ್ತದಾ, ಮುಂಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಚ್ಚುತ್ತದಾ, ಟ್ಯಾಂಕ್ ಒಳಗೆ ಕೆಂಪು ಪುಡಿ ಇದೆಯಾ. ಹೊಸ ಎಂಜಿನ್‌ನ ಬಲವನ್ನು ಹಳಸಿದ ಚೌಕಟ್ಟಿಗೆ ಕೊಟ್ಟು ಹೆದ್ದಾರಿಗೆ ಇಳಿಯುವುದು ಬೇಡ.

ಆರ್‌ಸಿ ಲೆಕ್ಕವನ್ನೂ ಇದರೊಳಗೆ ಸೇರಿಸಿ. 2027ರಲ್ಲಿ ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿಯುವ 60 ದಿನ ಮುಂಚಿನಿಂದ ನಮೂನೆ 25ರಲ್ಲಿ ಅರ್ಜಿ ಹಾಕಬಹುದು. 20 ವರ್ಷ ದಾಟಿದ ಬೈಕ್‌ಗೆ ನವೀಕರಣ ಶುಲ್ಕ 2025ರಿಂದ ₹2,000, ಮೇಲೆ ಹಸಿರು ತೆರಿಗೆ. ತಡ ಮಾಡಿದರೆ ತಿಂಗಳಿಗೆ ₹300 ದಂಡ ಬೇರೆ. ಗಾಡಿಯನ್ನು ಆರ್‌ಟಿಒ ಮುಂದೆ ತೋರಿಸಬೇಕು, ಎಂಜಿನ್ ನಂಬರ್ ನೋಡುತ್ತಾರೆ. ಹಾಗಾಗಿ ‘ಗುಜರಿಯಲ್ಲಿ ಚೆನ್ನಾಗಿರೋ ಎಂಜಿನ್ ಇದೆ, ಕೂರಿಸಿಬಿಡೋಣ’ ಅನ್ನುವ ಅಗ್ಗದ ದಾರಿಗೆ ಬೀಳಬೇಡಿ. ನಂಬರ್ ಇರುವುದು ಕ್ರ್ಯಾಂಕ್ ಕೇಸ್ ಮೇಲೆ. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಿಸದೆ ಬದಲಿಸಿದರೆ ನವೀಕರಣವೂ ನಿಲ್ಲುತ್ತದೆ, ಅಪಘಾತವಾದರೆ ವಿಮೆಯೂ ತಕರಾರಿಗೆ ಬೀಳುತ್ತದೆ. ಆ ಎಂಜಿನ್ ಯಾವ ಕಳುವಿನ ಗಾಡಿಯದೋ ಅನ್ನುವ ಪ್ರಶ್ನೆ ಬೇರೆ.

ಮೇಲ್ಭಾಗ ಮಾಡಿಸಿದರೆ ಮೊದಲ 500 ಕಿ.ಮೀ. 45ರ ಮೇಲೆ ಹೋಗಬೇಡಿ, ಹೆದ್ದಾರಿ ಬಿಟ್ಟು ಆದಷ್ಟು ಸರ್ವಿಸ್ ರಸ್ತೆ ಹಿಡಿಯಿರಿ. ಒಂದೇ ವೇಗದಲ್ಲಿ ಎಳೆಯದೆ ಏರಿಳಿತ ಕೊಡಿ, ರಿಂಗ್ ಬೋರ್‌ಗೆ ಹೊಂದಿಕೊಳ್ಳುವುದು ಹಾಗೇ. 500ಕ್ಕೆ ಆಯಿಲ್ ಬದಲಿಸಿ, ಅದರಲ್ಲಿ ಮಿನುಗು ಕಂಡರೆ ಗಾಬರಿ ಬೇಡ. ಅದೇ ದಿನ ಟ್ಯಾಪೆಟ್ ಮತ್ತೊಮ್ಮೆ ನೋಡಿಸಿ. ಏರ್ ಫಿಲ್ಟರ್ ಹೊಸದು ಹಾಕಿ, ಡಬ್ಬಿಯ ರಬ್ಬರ್ ಬೀಡಿಂಗ್ ಬಿರುಕು ಬಿಟ್ಟಿದ್ದರೆ ಅದನ್ನೂ. ಮೆಕ್ಕೆಜೋಳ ರಸ್ತೆಗೆ ಬೀಳುವ ಕಾಲದಲ್ಲಿ ನಮ್ಮ ಕಡೆ ಗಾಳಿಯಲ್ಲೇ ಹೊಟ್ಟು ತೇಲುತ್ತದೆ, ಭೀಮಸಮುದ್ರದ ಕಡೆ ಅದಿರಿನ ಲಾರಿಗಳ ಕೆಂಪು ಧೂಳು. ಫಿಲ್ಟರ್ ಪಕ್ಕದಿಂದ ನುಸುಳಿದ ಅಂಥ ಒಂದು ಚಿಟಿಕೆ ಧೂಳು ಹೊಸ ಬೋರ್‌ಗೆ ಉಪ್ಪುಕಾಗದ. ಪೇಪರ್ ಫಿಲ್ಟರನ್ನು ಪೆಟ್ರೋಲ್‌ನಲ್ಲಿ ತೊಳೆಯಬೇಡಿ, ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ, ಕಪ್ಪಾದರೆ ಬದಲಿಸಿ.

ಬಿಚ್ಚಿದ ಹಳೇ ಭಾಗಗಳನ್ನು ಕೇಳಿ ಒಂದು ಕವರ್‌ನಲ್ಲಿ ಮನೆಗೆ ತನ್ನಿ. ಹಳೇ ಟೈಮಿಂಗ್ ಚೈನ್ ಮತ್ತು ಹೊಸದರ ಜೊತೆ ಬಂದ ಖಾಲಿ ಡಬ್ಬಿ ಎರಡೂ ಸಿಕ್ಕರೆ ಕೆಲಸ ಆಗಿದೆ. ಸಿಗದಿದ್ದರೆ ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್‌ಗೆ ಮತ್ತೆ ಸ್ಕ್ರೂಡ್ರೈವರ್ ಆನಿಸಿ ಕೇಳಿ, ಆಮೇಲೆ ಬಾಕಿ ದುಡ್ಡು ಕೊಡಿ.